ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ: ಆಕಾಶಮಾರ್ಗದ ದೂರ ಮತ್ತು ಪ್ರಯಾಣದ ಅವಧಿ

ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಅಮೆರಿಕದ ಪಶ್ಚಿಮ ಕರಾವಳಿಯ ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣಕ್ಕೂ ನಡುವೆ ಇರುವ ಅತಿ ಕಡಿಮೆ ದೂರ ಸುಮಾರು 14,000 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ. ಆಗಿರುವುದರಿಂದ ಅದರ ಮೇಲಿನ ಯಾವ ಎರಡು ಊರುಗಳೂ ಪರಸ್ಪರ 20,000 ಕಿ.ಮೀ.ಗಿಂತ ಹೆಚ್ಚು ದೂರವಿರಲು ಸಾಧ್ಯವಿಲ್ಲ ಎಂಬುದನ್ನು ನೆನೆದರೆ, ಈ ಎರಡು ನಗರಗಳ ನಡುವಿನ ಅಂತರವು ಸಾಧ್ಯವಿರುವ ಗರಿಷ್ಠ ಅಂತರದ ಹತ್ತರಲ್ಲಿ ಏಳು ಪಾಲಿನಷ್ಟಾಗುತ್ತದೆ. ಸ್ಯಾನ್ ಹೋಸೆ, ಸನಿವೇಲ್, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ, ಮಕ್ಕಳ ಮನೆಗೆಂದು ಕರ್ನಾಟಕದಿಂದ ಹೊರಡುವ ತಂದೆತಾಯಿಯರಿಗೂ ಇದು ಮತ್ತೆ ಮತ್ತೆ ಕ್ರಮಿಸಬೇಕಾದ ದಾರಿ. ಪ್ರಯಾಣಕ್ಕೆ ಮುನ್ನ ಎದುರಾಗುವ ‘ಎಷ್ಟು ದೂರ’ ಮತ್ತು ‘ಎಷ್ಟು ಹೊತ್ತು’ ಎಂಬ ಎರಡು ಪ್ರಶ್ನೆಗಳು ಒಂದೇ ಪ್ರಶ್ನೆಯ ಎರಡು ರೂಪಗಳಂತೆ ಕಾಣುತ್ತವೆ; ಆದರೆ ಹೋಗುವಾಗಿನ ಅವಧಿಗಿಂತ ಬರುವಾಗಿನ ಅವಧಿ ಒಂದೂವರೆ ಗಂಟೆಯಷ್ಟು ಹೆಚ್ಚಾಗುವುದೂ, ಉದ್ದದ ದಾರಿ ಹಿಡಿದ ವಿಮಾನ ಮೊದಲು ತಲುಪುವುದೂ ಈ ಮಾರ್ಗದಲ್ಲಿ ಸಾಮಾನ್ಯ ಸಂಗತಿಗಳಾಗಿವೆ. ಇದರ ಕಾರಣಗಳನ್ನು ತಿಳಿದವರು ಟಿಕೆಟ್ ಕೊಳ್ಳುವಾಗಲೂ, ಹೊರಡುವ ದಿನವನ್ನು ಗೊತ್ತುಮಾಡುವಾಗಲೂ ಉತ್ತಮ ನಿರ್ಧಾರ ತೆಗೆದುಕೊಳ್ಳಬಲ್ಲರು.

ದೂರವನ್ನು ಅಳೆಯುವ ಬಗೆ

ಗೋಡೆಗೆ ತೂಗುಹಾಕಿದ ಜಗತ್ತಿನ ನಕಾಶೆಯಲ್ಲಿ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳನ್ನು ಅಡಿಕೋಲಿನಿಂದ ಜೋಡಿಸಿದರೆ ಆ ಗೆರೆ ಪೆಸಿಫಿಕ್ ಸಾಗರದ ನಡುವೆಯೋ ಆಫ್ರಿಕ ಮತ್ತು ಅಟ್ಲಾಂಟಿಕ್‌ಗಳ ಮೇಲೆಯೋ ಹಾದುಹೋಗುತ್ತದೆ. ಅವೆರಡೂ ಅತಿ ಕಡಿಮೆ ದೂರದ ದಾರಿಗಳಲ್ಲ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದದ ಮೇಲೆ ಹರಡುವಾಗ ಆಕಾರವೋ ಅಳತೆಯೋ ಕೆಡಲೇಬೇಕು. 1569ರಲ್ಲಿ ಗೆರಾರ್ಡಸ್ ಮರ್ಕೇಟರ್ ಹಡಗಿನವರ ಅನುಕೂಲಕ್ಕೆಂದು ರೂಪಿಸಿದ ನಕಾಶೆಯ ವಿಧಾನವು ದಿಕ್ಕನ್ನು ಕಾಪಾಡಿಕೊಂಡು, ಧ್ರುವಗಳ ಕಡೆಗೆ ಹೋದಂತೆಲ್ಲ ಪ್ರದೇಶಗಳನ್ನು ಹಿಗ್ಗಿಸಿ ತೋರಿಸುತ್ತದೆ. ನಿಜವಾದ ದೂರ ತಿಳಿಯಲು ಭೂಗೋಳದ ಮಾದರಿಯ ಮೇಲೆ ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಬೇಕು. ಹಾಗೆ ನಿಂತ ದಾರದ ಹಾದಿಯನ್ನು ಮಹಾವೃತ್ತದ ಹಾದಿ ಎನ್ನುತ್ತಾರೆ. ಭೂಮಿಯ ಕೇಂದ್ರವನ್ನೇ ತನ್ನ ಕೇಂದ್ರವಾಗಿ ಹೊಂದಿರುವ, ಭೂಮಿಯನ್ನು ಸರಿಸಮನಾಗಿ ಎರಡು ಹೋಳು ಮಾಡುವ ವೃತ್ತವೇ ಮಹಾವೃತ್ತ.

ಬೆಂಗಳೂರಿನಿಂದ ಹೊರಡುವ ಈ ದಾರವು ಪೂರ್ವಕ್ಕೆ ಹೋಗದೆ, ಉತ್ತರಕ್ಕೆ ಮುಖ ಮಾಡಿ ಕೊಂಚವೇ ಪೂರ್ವಕ್ಕೆ ವಾಲಿಕೊಂಡು ನೇಪಾಳ, ಟಿಬೆಟ್, ಮಂಗೋಲಿಯ ಮತ್ತು ಪೂರ್ವ ಸೈಬೀರಿಯಗಳನ್ನು ದಾಟುತ್ತದೆ. ಕೊಲಿಮಾ ನದಿಯು ಆರ್ಕ್ಟಿಕ್ ಸಮುದ್ರವನ್ನು ಸೇರುವ ಜಾಗದ ಆಸುಪಾಸಿನಲ್ಲಿ, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ತನ್ನ ತುತ್ತತುದಿಯನ್ನು ಮುಟ್ಟಿ, ಅಲ್ಲಿಂದ ಅಲಾಸ್ಕದ ಮೇಲೆ ಇಳಿಮುಖವಾಗಿ ಕ್ಯಾಲಿಫೋರ್ನಿಯದ ಕಡೆಗೆ ಬಾಗುತ್ತದೆ. ಕೇವಲ 13 ಡಿಗ್ರಿ ಅಕ್ಷಾಂಶದಲ್ಲಿರುವ ಊರಿನಿಂದ 38 ಡಿಗ್ರಿಗೆ ಸಮೀಪದ ಊರಿಗೆ ಹೋಗಲು ಹಿಮದ ನಾಡುಗಳನ್ನು ಹಾಯಬೇಕಾಗಿರುವುದು ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ, ಎರಡು ಊರುಗಳ ರೇಖಾಂಶಗಳ ನಡುವೆ ಸುಮಾರು 160 ಡಿಗ್ರಿಗಳ ಅಂತರವಿದ್ದು ಅವು ಬಹುಮಟ್ಟಿಗೆ ಭೂಮಿಯ ಎದುರುಬದುರು ಮಗ್ಗುಲಲ್ಲಿರುವುದರಿಂದ ಹೀಗಾಗುತ್ತದೆ.

ಗಣಿತದ ದಾರಿಯೂ ಕಷ್ಟವಲ್ಲ. ಎರಡೂ ನಿಲ್ದಾಣಗಳ ಅಕ್ಷಾಂಶ ಮತ್ತು ರೇಖಾಂಶಗಳನ್ನು ಗೋಳೀಯ ತ್ರಿಕೋನಮಿತಿಯ ಸೂತ್ರಕ್ಕೆ ಕೊಟ್ಟರೆ ಭೂಮಿಯ ಕೇಂದ್ರದಲ್ಲಿ ಅವೆರಡರ ನಡುವೆ ಏರ್ಪಡುವ ಕೋನ ದೊರೆಯುತ್ತದೆ. ಈ ಮಾರ್ಗಕ್ಕೆ ಆ ಕೋನ 125.8 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ. ಎಂದು ಗುಣಿಸಿದಾಗ 13,990 ಕಿ.ಮೀ. ಎಂಬ ಉತ್ತರ ಸಿಗುತ್ತದೆ. ವಿಮಾನಯಾನದವರು ಬಳಸುವ ನಾಟಿಕಲ್ ಮೈಲಿ ಹುಟ್ಟಿದ್ದೂ ಈ ಕೋನದಿಂದಲೇ: ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವೇ ಒಂದು ನಾಟಿಕಲ್ ಮೈಲಿ, ಇಂದಿನ ನಿಗದಿತ ಅಳತೆಯಲ್ಲಿ 1,852 ಮೀಟರ್. ಹಾಗಾಗಿ ಒಂದೇ ದೂರವು ಒಂದು ಕಡೆ 14,000 ಕಿ.ಮೀ. ಎಂದೂ, ಇನ್ನೊಂದು ಕಡೆ 8,700 ಮೈಲಿ ಎಂದೂ, ಮತ್ತೊಂದು ಕಡೆ 7,550 ನಾಟಿಕಲ್ ಮೈಲಿ ಎಂದೂ ನಮೂದಾಗಿರಬಹುದು. ದೂರ ನೋಡುವವರು ಮೊದಲು ಮಾನವನ್ನು ನೋಡಬೇಕು.

ವಿಮಾನ ಆ ಗೆರೆಯ ಮೇಲೆ ಏಕೆ ಹೋಗುವುದಿಲ್ಲ

ಮಹಾವೃತ್ತವು ಗಣಿತ ಕೊಡುವ ಕನಿಷ್ಠ ದೂರ. ವಿಮಾನ ನಿಜವಾಗಿ ಕ್ರಮಿಸುವುದು ಅದಕ್ಕಿಂತ ಹೆಚ್ಚು, ಈ ಮಾರ್ಗದಲ್ಲಂತೂ ಸಾವಿರ ಎರಡು ಸಾವಿರ ಕಿ.ಮೀ. ಹೆಚ್ಚಾಗುವುದೂ ಉಂಟು. ಮೊದಲ ತೊಡಕು ಹಿಮಾಲಯ ಮತ್ತು ಟಿಬೆಟ್ ಪ್ರಸ್ಥಭೂಮಿ. ವಿಮಾನದೊಳಗಿನ ಗಾಳಿಯ ಒತ್ತಡ ಯಾವುದೇ ಕಾರಣದಿಂದ ಕುಸಿದರೆ, ಪ್ರಯಾಣಿಕರ ಮುಖವಾಡಗಳಿಗೆ ಬರುವ ಆಮ್ಲಜನಕ ಮುಗಿಯುವ ಮುನ್ನ ಪೈಲಟ್ ಸುಮಾರು 3,000 ಮೀಟರ್ ಎತ್ತರಕ್ಕೆ ಇಳಿಯಬೇಕಾಗುತ್ತದೆ. ಟಿಬೆಟ್‌ನ ನೆಲವೇ ಸರಾಸರಿ 4,500 ಮೀಟರ್ ಎತ್ತರದಲ್ಲಿರುವಾಗ ಇಳಿಯಲು ಜಾಗವೇ ಇರುವುದಿಲ್ಲ. ಆದುದರಿಂದ ಹೆಚ್ಚಿನ ವಿಮಾನಗಳು ಆ ಪ್ರದೇಶವನ್ನು ಬಳಸಿಕೊಂಡು ಹೋಗುತ್ತವೆ.

ಎರಡನೆಯದು ದೇಶಗಳ ಹಕ್ಕು. 1944ರ ಶಿಕಾಗೊ ಒಪ್ಪಂದದ ಪ್ರಕಾರ ಪ್ರತಿ ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ, ಅಂದರೆ ವಾಯುಪ್ರದೇಶದ ಮೇಲೆ, ಸಂಪೂರ್ಣ ಅಧಿಕಾರವಿದೆ. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಬಳಿಕ ರಷ್ಯವು ಅಮೆರಿಕ ಮತ್ತು ಐರೋಪ್ಯ ದೇಶಗಳ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು; ಭಾರತೀಯ ವಿಮಾನಗಳಿಗೆ ಆ ನಿರ್ಬಂಧ ಅನ್ವಯಿಸಲಿಲ್ಲ. ಇದಕ್ಕೆ ವಿರುದ್ಧವಾಗಿ 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನವು ಭಾರತೀಯ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿದಾಗ, ಅದನ್ನು ದಾಟಿ ಯೂರೋಪಿನ ಕಡೆಗೆ ಹೋಗುತ್ತಿದ್ದ ಭಾರತೀಯ ವಿಮಾನಗಳು ದಕ್ಷಿಣದಿಂದ ಸುತ್ತಿಕೊಂಡು ಹೋಗಬೇಕಾಯಿತು. ನಗರಗಳು ಇದ್ದಲ್ಲೇ ಇದ್ದರೂ ಅವುಗಳ ನಡುವಿನ ಪ್ರಯಾಣದ ಅವಧಿ ರಾಜಕೀಯದಿಂದ ಬದಲಾಗುವುದು ಹೀಗೆ.

ಮೂರನೆಯದು ಸುರಕ್ಷತೆಯ ನಿಯಮ. ಎರಡು ಎಂಜಿನ್‌ಗಳ ವಿಮಾನವು ಹಾದಿಯ ಯಾವ ಬಿಂದುವಿನಲ್ಲಿ ಒಂದು ಎಂಜಿನ್ ಕೆಟ್ಟರೂ ಇನ್ನೊಂದರ ಬಲದಿಂದಲೇ ನಿಗದಿತ ಅವಧಿಯೊಳಗೆ ಒಂದು ನಿಲ್ದಾಣವನ್ನು ತಲುಪುವಂತಿರಬೇಕು. ಈ ನಿಯಮವನ್ನು ಇಟಾಪ್ಸ್ ಎಂಬ ಹ್ರಸ್ವರೂಪದಿಂದ ಕರೆಯುತ್ತಾರೆ. 1980ರ ದಶಕದಲ್ಲಿ 120 ನಿಮಿಷಗಳಿದ್ದ ಈ ಮಿತಿ, ಎಂಜಿನ್‌ಗಳ ವಿಶ್ವಾಸಾರ್ಹತೆ ಬೆಳೆದಂತೆ ಕೆಲವು ವಿಮಾನಗಳಿಗೆ 330 ನಿಮಿಷಗಳವರೆಗೆ ವಿಸ್ತರಿಸಿದೆ. ಇದು ಕಾಗದದ ಮೇಲಷ್ಟೇ ಉಳಿಯುವ ನಿಯಮವಲ್ಲ. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟಿದ್ದ ಏರ್ ಇಂಡಿಯಾ ವಿಮಾನವೊಂದು ಎಂಜಿನ್ ತೊಂದರೆಯಿಂದಾಗಿ ರಷ್ಯದ ಪೂರ್ವದಂಚಿನ ಮಗದಾನ್ ಎಂಬ ಪಟ್ಟಣದಲ್ಲಿ ಸುರಕ್ಷಿತವಾಗಿ ಇಳಿಯಿತು. ಅದರಲ್ಲಿದ್ದ 216 ಪ್ರಯಾಣಿಕರನ್ನು ಬೇರೊಂದು ವಿಮಾನ ಕಳುಹಿಸಿ ಮುಂದಕ್ಕೆ ಒಯ್ಯಲಾಯಿತು. ಇಷ್ಟು ದೀರ್ಘವಾದ ಪ್ರಯಾಣಕ್ಕೆ ಹೊರಡುವವರು, ವಿಶೇಷವಾಗಿ ದಿನವೂ ಔಷಧಿ ಸೇವಿಸುವವರು, ಮೂರು ನಾಲ್ಕು ದಿನಗಳಿಗೆ ಸಾಲುವಷ್ಟು ಮಾತ್ರೆಗಳನ್ನು ಮತ್ತು ಒಂದು ಬೆಚ್ಚನೆಯ ಉಡುಪನ್ನು ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕೆನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಕಾಗಿಲ್ಲ.

ಗಾಳಿಯ ಪಾತ್ರ

ಈ ಮಾರ್ಗದ ಅವಧಿಯನ್ನು ನಿರ್ಧರಿಸುವಲ್ಲಿ ಉಳಿದೆಲ್ಲ ಕಾರಣಗಳಿಗಿಂತ ಗಾಳಿಯ ಪಾತ್ರ ದೊಡ್ಡದು. ನೆಲದಿಂದ ಸುಮಾರು 9ರಿಂದ 12 ಕಿ.ಮೀ. ಎತ್ತರದಲ್ಲಿ, ಅಂದರೆ ಜೆಟ್ ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ವೇಗವಾಗಿ ಬೀಸುವ ಕಿರಿದಾದ ಗಾಳಿಯ ಪಟ್ಟಿಗಳಿವೆ. ಇವನ್ನು ಜೆಟ್ ಪ್ರವಾಹ ಎನ್ನುತ್ತಾರೆ. ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಇಶಿ 1920ರ ದಶಕದಲ್ಲಿ ಬಲೂನುಗಳನ್ನು ಹಾರಿಸಿ ಇವನ್ನು ಅಳೆದಿದ್ದರು. ಉಷ್ಣ ಮತ್ತು ಶೀತ ವಲಯಗಳ ನಡುವಿನ ತಾಪಮಾನದ ವ್ಯತ್ಯಾಸವೇ ಈ ಗಾಳಿಗೆ ಮೂಲವಾದ್ದರಿಂದ, ಆ ವ್ಯತ್ಯಾಸ ಹೆಚ್ಚಾಗುವ ಚಳಿಗಾಲದಲ್ಲಿ ಇದರ ವೇಗವೂ ಹೆಚ್ಚುತ್ತದೆ. ಜಪಾನ್ ಮತ್ತು ಉತ್ತರ ಪೆಸಿಫಿಕ್ ಮೇಲೆ ಗಂಟೆಗೆ 200 ಕಿ.ಮೀ. ಮೀರುವುದು ಆಗ ಅಪರೂಪವಲ್ಲ.

ಭೂಮಿ ತಿರುಗುವುದರಿಂದಲೇ ಒಂದು ದಿಕ್ಕಿನ ಪ್ರಯಾಣ ಬೇಗ ಮುಗಿಯುತ್ತದೆ ಎಂಬ ಅಭಿಪ್ರಾಯ ವಿದ್ಯಾವಂತರಲ್ಲಿಯೂ ಕಂಡುಬರುತ್ತದೆ. ವಾಯುಮಂಡಲವೂ ಭೂಮಿಯೊಡನೆಯೇ ತಿರುಗುತ್ತಿರುವುದರಿಂದ ವಿಮಾನಕ್ಕೆ ಆ ತಿರುಗುವಿಕೆಯಿಂದ ನೇರವಾದ ಲಾಭವಾಗಲಿ ನಷ್ಟವಾಗಲಿ ಇಲ್ಲ; ಲೆಕ್ಕಕ್ಕೆ ಬರುವುದು ನೆಲಕ್ಕೆ ಹೋಲಿಸಿದಾಗ ಗಾಳಿಗೆ ಇರುವ ಚಲನೆ ಮಾತ್ರ. ಗಾಳಿಯಲ್ಲಿ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಇದ್ದು, ಹಿಂದಿನಿಂದ ಬೀಸುವ ಗಾಳಿ ಇಡೀ ಹಾದಿಯಲ್ಲಿ ಸರಾಸರಿ 50 ಕಿ.ಮೀ.ನಷ್ಟು ನೆರವಾದರೆ 15,000 ಕಿ.ಮೀ. ಹಾದಿ 15 ಗಂಟೆ 47 ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟೇ ಗಾಳಿ ಎದುರಾದರೆ 17 ಗಂಟೆ 39 ನಿಮಿಷ ಬೇಕಾಗುತ್ತದೆ. ಸಣ್ಣದೆಂದು ತೋರುವ ಸರಾಸರಿ ಗಾಳಿಯಿಂದ ಸುಮಾರು ಎರಡು ಗಂಟೆಗಳ ಅಂತರ ಏರ್ಪಡುತ್ತದೆ.

ಇದನ್ನು ಬಳಸಿಕೊಂಡ ಒಂದು ನಿದರ್ಶನ ಗಮನಾರ್ಹವಾಗಿದೆ. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನವು 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ದಾರಿಗೆ ತಿರುಗಿತು. ಹೊಸ ದಾರಿ ಸುಮಾರು 15,300 ಕಿ.ಮೀ. ಆಗಿದ್ದು ಹಳೆಯದಕ್ಕಿಂತ 1,400 ಕಿ.ಮೀ.ನಷ್ಟು ಉದ್ದವಾಗಿದ್ದರೂ, ಎದುರುಗಾಳಿಯ ಬದಲು ಹಿಂದಿನಿಂದ ಗಾಳಿ ದೊರೆತದ್ದರಿಂದ ಪ್ರಯಾಣ ಸುಮಾರು ಎರಡು ಗಂಟೆ ಮೊದಲೇ, ಹದಿನಾಲ್ಕೂವರೆ ಗಂಟೆಗಳಲ್ಲಿ, ಮುಗಿಯಿತು. ಮರಳುವ ದಿಕ್ಕಿನಲ್ಲಿ ಅದೇ ಗಾಳಿಯಿಂದ ತಪ್ಪಿಸಿಕೊಳ್ಳಬೇಕಾಗುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಆರಂಭವಾದ ನೇರ ಸೇವೆಯ ಮೊದಲ ವಿಮಾನವು ಉತ್ತರ ಧ್ರುವದ ಮೇಲೆ ಹಾದು ಬಂದದ್ದು ಈ ಕಾರಣಕ್ಕಾಗಿಯೂ ಹೌದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಅವರ ನೇತೃತ್ವದಲ್ಲಿ ಕ್ಯಾಪ್ಟನ್ ಪಾಪಗಾರಿ ತನ್ಮಯಿ, ಕ್ಯಾಪ್ಟನ್ ಆಕಾಂಕ್ಷಾ ಸೋನಾವರೆ ಮತ್ತು ಕ್ಯಾಪ್ಟನ್ ಶಿವಾನಿ ಮನ್ಹಾಸ್ ನಡೆಸಿದ ಆ ವಿಮಾನದ ಪೈಲಟ್‌ಗಳೆಲ್ಲರೂ ಮಹಿಳೆಯರಾಗಿದ್ದರು. ಬೋಯಿಂಗ್ 777-200ಎಲ್‌ಆರ್ ಮಾದರಿಯ ಆ ವಿಮಾನ ಸುಮಾರು 16,000 ಕಿ.ಮೀ. ಹಾದಿಯನ್ನು ಸುಮಾರು 17 ಗಂಟೆಗಳಲ್ಲಿ ಕ್ರಮಿಸಿ ಜನವರಿ 11ರ ಮುಂಜಾನೆ ದೇವನಹಳ್ಳಿಯಲ್ಲಿ ಇಳಿದದ್ದು ಭಾರತೀಯ ವಿಮಾನಯಾನದ ಇತಿಹಾಸದಲ್ಲಿ ಹೆಮ್ಮೆಯಿಂದ ನೆನೆಯಬೇಕಾದ ಘಟನೆ.

ಬೆಂಗಳೂರಿಗೆ ತನ್ನದೇ ಆದ ಇನ್ನೊಂದು ತೊಡಕಿದೆ. ನಿಲ್ದಾಣವು ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದ್ದು ಅಲ್ಲಿನ ಗಾಳಿ ತೆಳುವಾಗಿರುವುದರಿಂದ, ಇಂಧನ ತುಂಬಿ ಭಾರವಾದ ವಿಮಾನಕ್ಕೆ ಮೇಲೇರಲು ಹೆಚ್ಚಿನ ವೇಗವೂ ಹೆಚ್ಚಿನ ಓಟವೂ ಬೇಕಾಗುತ್ತದೆ. ಎರಡೂ ರನ್‌ವೇಗಳು ತಲಾ 4,000 ಮೀಟರ್ ಉದ್ದವಿರುವುದು ಇದಕ್ಕೆ ಅನುಕೂಲ. ಹಾಗಿದ್ದರೂ ಬಿಸಿಲು ಹೆಚ್ಚಿರುವ ವೇಳೆಯಲ್ಲಿ ವಿಮಾನದ ಭಾರವನ್ನು, ಎಂದರೆ ಸರಕನ್ನೋ ಪ್ರಯಾಣಿಕರ ಸಂಖ್ಯೆಯನ್ನೋ, ಮಿತಿಗೊಳಿಸಬೇಕಾದೀತು.

ಗಡಿಯಾರದ ಲೆಕ್ಕ

ಯಾವುದೇ ನೇರ ವಿಮಾನದ ಅವಧಿಯನ್ನು ಅಂದಾಜಿಸಲು ಒಂದು ಸರಳ ಕ್ರಮವಿದೆ: ಮಹಾವೃತ್ತದ ದೂರವನ್ನು ಕಿ.ಮೀ.ಗಳಲ್ಲಿ ತೆಗೆದುಕೊಂಡು 900ರಿಂದ ಭಾಗಿಸಿ, ಏರಿಳಿಯುವುದಕ್ಕೂ ನೆಲದ ಮೇಲೆ ಚಲಿಸುವುದಕ್ಕೂ ಮುಕ್ಕಾಲು ಗಂಟೆ ಸೇರಿಸಬೇಕು. ಈ ಮಾರ್ಗಕ್ಕೆ ಅದು ಹದಿನಾರು ಗಂಟೆ ಇಪ್ಪತ್ತು ನಿಮಿಷಗಳ ಹತ್ತಿರ ಬರುತ್ತದೆ. ಗಾಳಿಯ ದಿಕ್ಕನ್ನು ಗಮನಿಸಿ ಪೂರ್ವಕ್ಕೆ ಹೋಗುವಾಗ ಇದರಿಂದ ಸ್ವಲ್ಪ ಕಳೆದು, ಮರಳುವಾಗ ಒಂದು ಗಂಟೆ ಕೂಡಿಸಿಕೊಂಡರೆ ಅಂದಾಜು ನಿಜಕ್ಕೆ ಸಮೀಪವಾಗುತ್ತದೆ. ಟಿಕೆಟ್‌ನಲ್ಲಿ ಮುದ್ರಿತವಾಗುವುದು ಗಾಳಿಯಲ್ಲಿ ಕಳೆಯುವ ಸಮಯವಷ್ಟೇ ಅಲ್ಲ; ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ತಲುಪಿದ ಊರಿನಲ್ಲಿ ನಿಲುಗಡೆಯ ಜಾಗಕ್ಕೆ ಬಂದು ನಿಲ್ಲುವವರೆಗಿನ ಅವಧಿ, ಇದಕ್ಕೆ ಬ್ಲಾಕ್ ಸಮಯವೆಂದು ಹೆಸರು.

ತಲುಪುವ ಗಂಟೆಯನ್ನು ತಿಳಿಯಲು ಸಮಯ ವಲಯಗಳ ವ್ಯತ್ಯಾಸ ಬೇಕು. ಭಾರತದ ಸಮಯವು ಜಾಗತಿಕ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದಿದೆ. ಕ್ಯಾಲಿಫೋರ್ನಿಯದ್ದು ಚಳಿಗಾಲದಲ್ಲಿ ಎಂಟು ಗಂಟೆ, ಬೇಸಿಗೆಯಲ್ಲಿ ಏಳು ಗಂಟೆ ಹಿಂದಿದೆ. ಅಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು, ನವೆಂಬರ್‌ನ ಮೊದಲ ಭಾನುವಾರ ಹಿಂದಿಡುವ ಪದ್ಧತಿ ಇರುವುದರಿಂದ ಎರಡು ಊರುಗಳ ಅಂತರ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ. ಬೇಸಿಗೆಯ ಒಂದು ಸೋಮವಾರ ಮಧ್ಯಾಹ್ನ 2 ಗಂಟೆಗೆ ಬೆಂಗಳೂರಿನಿಂದ ಹೊರಟ ವಿಮಾನ ಹದಿನಾರು ಗಂಟೆ ಹಾರಿದರೆ ಭಾರತದಲ್ಲಿ ಮಂಗಳವಾರ ಬೆಳಗಿನ 6 ಗಂಟೆಯಾಗಿರುತ್ತದೆ. ಹನ್ನೆರಡೂವರೆ ಗಂಟೆ ಕಳೆದರೆ ಅಲ್ಲಿ ಅದೇ ಸೋಮವಾರದ ಸಂಜೆ 5.30. ಮರಳಿ ಬರುವವರಿಗೆ ಇದು ತಿರುವುಮುರುವಾಗುತ್ತದೆ: ಸೋಮವಾರ ರಾತ್ರಿ 9ಕ್ಕೆ ಅಲ್ಲಿಂದ ಹೊರಟು ಹದಿನೇಳೂವರೆ ಗಂಟೆ ಹಾರಿದವರು ಬೆಂಗಳೂರಿನಲ್ಲಿ ಇಳಿಯುವುದು ಬುಧವಾರ ಬೆಳಗಿನ ಜಾವ 3 ಗಂಟೆಗೆ. ಮದುವೆ, ಗೃಹಪ್ರವೇಶ, ತಿಥಿಯಂಥ ನಿಗದಿತ ದಿನಕ್ಕೆ ಊರು ಸೇರಬೇಕಾದವರು ನಡುವಿನ ಮಂಗಳವಾರ ಬಹುಪಾಲು ಆಕಾಶದಲ್ಲೇ ಕಳೆದುಹೋಗುವುದನ್ನು ಮರೆಯದೆ ಟಿಕೆಟ್ ಮಾಡಿಸಬೇಕು.

ಒಂದು ನಿಲುಗಡೆಯ ದಾರಿಗಳು

ನೇರ ಸೇವೆಗಳನ್ನು ವಿಮಾನ ಸಂಸ್ಥೆಗಳು ಕಾಲಕಾಲಕ್ಕೆ ಆರಂಭಿಸುತ್ತವೆ, ನಿಲ್ಲಿಸುತ್ತವೆ. ಆದ್ದರಿಂದ ಪ್ರಯಾಣದ ತಿಂಗಳಿನ ವೇಳಾಪಟ್ಟಿಯನ್ನು ನೋಡಿಯೇ ಮುಂದುವರಿಯುವುದು ಸೂಕ್ತ. ನಡುವೆ ಒಂದು ಊರಿನಲ್ಲಿ ವಿಮಾನ ಬದಲಿಸುವವರಿಗೆ ಆ ಊರಿನ ಆಯ್ಕೆಯಿಂದಲೇ ದೂರ ಬದಲಾಗುತ್ತದೆ. ಟೋಕಿಯೊದ ನರಿತಾ ಮೂಲಕ ಹೋದರೆ ಎರಡು ತುಣುಕುಗಳು ಸೇರಿ ಸುಮಾರು 14,900 ಕಿ.ಮೀ., ದುಬೈ ಮೂಲಕ 15,700, ಫ್ರಾಂಕ್‌ಫರ್ಟ್ ಮೂಲಕ 16,500, ಸಿಂಗಪುರದ ಮೂಲಕ 16,800 ಕಿ.ಮೀ. ಆಗುತ್ತದೆ. ಪಶ್ಚಿಮಕ್ಕಿರುವ ದುಬೈಗೆ ಹೋಗುವುದು ಹಿಂದಕ್ಕೆ ನಡೆದಂತೆ ಕಂಡರೂ, ದುಬೈ ಮತ್ತು ಸ್ಯಾನ್ ಫ್ರಾನ್ಸಿಸ್ಕೊಗಳ ರೇಖಾಂಶಗಳು ಸುಮಾರು 178 ಡಿಗ್ರಿ ಅಂತರದಲ್ಲಿರುವುದರಿಂದ ಅವುಗಳ ನಡುವಿನ ಮಹಾವೃತ್ತ ಉತ್ತರ ಧ್ರುವದ ಪಕ್ಕದಲ್ಲೇ ಹಾಯುತ್ತದೆ, ಹಾಗಾಗಿ ನಷ್ಟ ಹೆಚ್ಚಿಲ್ಲ.

ಆದರೂ ಈ ದೂರಗಳ ವ್ಯತ್ಯಾಸ ಎಂದರೆ ಒಂದೆರಡು ಗಂಟೆಯ ಮಾತು. ನಿಜವಾದ ವಿಳಂಬ ಸಂಭವಿಸುವುದು ನಡುವಿನ ನಿಲ್ದಾಣದ ಕಾಯುವಿಕೆಯಲ್ಲಿ. ಎರಡು ಗಂಟೆಗಿಂತ ಕಡಿಮೆ ಬಿಡುವಿರುವ ಜೋಡಣೆ ವಯಸ್ಸಾದವರಿಗೆ ಯೋಗ್ಯವಲ್ಲ, ಮೂರು ಗಂಟೆ ಹಿತಕರ. ಎರಡೂ ತುಣುಕುಗಳು ಒಂದೇ ಟಿಕೆಟ್‌ನಲ್ಲಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಸಾಮಾನ್ಯವಾಗಿ ವಿಮಾನ ಸಂಸ್ಥೆಯದಾಗಿರುತ್ತದೆ. ಅಗ್ಗವೆಂದು ಬೇರೆಬೇರೆಯಾಗಿ ಕೊಂಡ ಟಿಕೆಟ್‌ಗಳಿಗೆ ಆ ರಕ್ಷಣೆ ಇರುವುದಿಲ್ಲ. ನಡುವಿನ ದೇಶ ಭಾರತೀಯರಿಂದ ಟ್ರಾನ್ಸಿಟ್ ವೀಸಾ ಕೇಳುತ್ತದೆಯೇ ಎಂಬುದನ್ನು ಮೊದಲೇ ಪರಿಶೀಲಿಸಬೇಕು. ಅಮೆರಿಕದೊಳಗೇ ವಿಮಾನ ಬದಲಿಸುವವರು, ಉದಾಹರಣೆಗೆ ನ್ಯೂಯಾರ್ಕ್ ಮೂಲಕ ಹೋಗುವವರು, ಮೊದಲು ಇಳಿದ ಊರಿನಲ್ಲಿಯೇ ವಲಸೆ ತಪಾಸಣೆ ಮುಗಿಸಿ, ಸಾಮಾನ್ಯವಾಗಿ ಸಾಮಾನನ್ನೂ ಪಡೆದುಕೊಂಡು ಮತ್ತೆ ಒಪ್ಪಿಸಬೇಕಾಗುವುದರಿಂದ ಅಲ್ಲಿ ಮೂರು ಗಂಟೆಗಿಂತ ಹೆಚ್ಚಿನ ಬಿಡುವು ಬೇಕು.

ಮನೆಯಿಂದ ಮನೆಗೆ ತಗಲುವ ಅವಧಿಯೇ ಪ್ರಯಾಣಿಕರ ದೇಹ ಅನುಭವಿಸುವ ಅವಧಿ. ಮೈಸೂರಿನಿಂದ ಕೆ.ಎಸ್.ಆರ್.ಟಿ.ಸಿ.ಯ ಫ್ಲೈಬಸ್‌ನಲ್ಲಿ ಹೊರಟು ದೇವನಹಳ್ಳಿಯ ಬಳಿಯ ನಿಲ್ದಾಣ ತಲುಪಲು ನಾಲ್ಕು ಗಂಟೆಯ ಮೇಲಾಗುತ್ತದೆ. ವಿಮಾನಕ್ಕೆ ಮೂರು ಗಂಟೆ ಮೊದಲು ಅಲ್ಲಿರಬೇಕು. ಹದಿನಾರು ಗಂಟೆ ಹಾರಾಟ. ಇಳಿದ ಬಳಿಕ ತಪಾಸಣೆಗೂ ಸಾಮಾನಿಗೂ ಒಂದರಿಂದ ಎರಡು ಗಂಟೆ. ಅಲ್ಲಿಂದ ಫ್ರೀಮಾಂಟ್‌ಗೆ ಕಾರಿನಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ನೇರ ವಿಮಾನದಲ್ಲಿಯೂ ಇದು ಇಪ್ಪತ್ತಾರು ಗಂಟೆಗಳ ಹತ್ತಿರ ಹೋಗುತ್ತದೆ, ಒಂದು ನಿಲುಗಡೆಯಿದ್ದರೆ ಮೂವತ್ತು ಗಂಟೆ ದಾಟುತ್ತದೆ. ಇಷ್ಟು ಹೊತ್ತು ಕುಳಿತೇ ಇದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ಎರಡು ಗಂಟೆಗೊಮ್ಮೆಯಾದರೂ ಎದ್ದು ನಡೆದಾಡುವುದು, ಸಾಕಷ್ಟು ನೀರು ಕುಡಿಯುವುದು ಅಗತ್ಯ. ಮೊದಲೇ ಅಂಥ ತೊಂದರೆ ಇರುವವರು ವೈದ್ಯರನ್ನು ಕಂಡು ಹೊರಡಬೇಕು. ಗಾಲಿಕುರ್ಚಿಯ ನೆರವು ಬೇಕಾದವರು ಟಿಕೆಟ್ ಮಾಡಿಸುವಾಗಲೇ ಕೇಳಿಕೊಳ್ಳುವುದು ಒಳಿತು. ಹಗಲು ರಾತ್ರಿಗಳು ಸರಿಯಾಗಿ ಅದಲುಬದಲಾಗುವ ಈ ಮಾರ್ಗದಲ್ಲಿ ದೇಹದ ಗಡಿಯಾರ ದಿನಕ್ಕೆ ಒಂದು ಗಂಟೆ ಒಂದೂವರೆ ಗಂಟೆಯಷ್ಟೇ ಹೊಂದಿಕೊಳ್ಳುವುದರಿಂದ, ಮೊದಲ ವಾರದಲ್ಲಿ ಮುಖ್ಯ ಕೆಲಸಗಳನ್ನು ಇಟ್ಟುಕೊಳ್ಳದಿರುವುದು ಜಾಣತನ.

ಕರೆದುಕೊಂಡು ಹೋಗಲು ಬರುವವರಿಗೂ ಒಂದು ಮಾತು. ಸ್ಯಾನ್ ಫ್ರಾನ್ಸಿಸ್ಕೊದ ಜೋಡಿ ರನ್‌ವೇಗಳು ಪರಸ್ಪರ ಸುಮಾರು 230 ಮೀಟರ್ ಅಂತರದಲ್ಲಷ್ಟೇ ಇರುವುದರಿಂದ, ಬೇಸಿಗೆಯ ಬೆಳಗಿನಲ್ಲಿ ಸಮುದ್ರದಿಂದ ತಗ್ಗಿನ ಮೋಡ ಕವಿದಾಗ ಎರಡರಲ್ಲೂ ಏಕಕಾಲಕ್ಕೆ ವಿಮಾನಗಳನ್ನು ಇಳಿಸುವುದು ಕಷ್ಟವಾಗಿ ಸರದಿ ಬೆಳೆಯುತ್ತದೆ. ಬೆಂಗಳೂರಿನಲ್ಲಿ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಬೆಳಗಿನ ಜಾವದ ಮಂಜು ವಿಮಾನಗಳನ್ನು ತಡೆಹಿಡಿಯುತ್ತದೆ, ಕೆಲವೊಮ್ಮೆ ಚೆನ್ನೈಗೋ ಹೈದರಾಬಾದ್‌ಗೋ ತಿರುಗಿಸುತ್ತದೆ. ಟಿಕೆಟ್‌ನಲ್ಲಿ ಬರೆದ ಗಂಟೆಯನ್ನು ನೆಚ್ಚಿಕೊಂಡು ಹೊರಡುವ ಬದಲು, ವಿಮಾನ ಹೊರಟ ಮೇಲೆ ಅದರ ಸ್ಥಾನವನ್ನು ತೋರಿಸುವ ಮೊಬೈಲ್ ಆ್ಯಪ್‌ನಲ್ಲಿ ತಲುಪುವ ಅಂದಾಜು ವೇಳೆಯನ್ನು ನೋಡಿ, ಅದಕ್ಕೆ ತಪಾಸಣೆಯ ಒಂದು ಗಂಟೆಯನ್ನು ಸೇರಿಸಿಕೊಂಡು ಮನೆ ಬಿಟ್ಟರೆ ಸಾಕು.